ಮುಪ್ಪನ್ನು ತಡೆಯುವ ಪೆಪ್ಟೈಡುಗಳು: ನಿಜವೆಷ್ಟು, ಮಾತೆಷ್ಟು?

ಮುಪ್ಪು ಬೇಡವೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಯಯಾತಿ ಮಹಾರಾಜನು ತನ್ನ ಮುಪ್ಪನ್ನು ಮಗನಾದ ಪೂರುವಿಗೆ ಕೊಟ್ಟು ಅವನ ಯೌವನವನ್ನು ಬೇಡಿ ಪಡೆದ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಚ್ಯವನ ಮಹರ್ಷಿಗೆ ಅಶ್ವಿನೀದೇವತೆಗಳು ಪುನಃ ತಾರುಣ್ಯವನ್ನಿತ್ತ ಕಥೆಯೂ ಹಾಗೆಯೇ ಮನೆಮನೆಯ ಮಾತು. ಪುರಾಣದ ಕಾಲದಲ್ಲಿ ಮಗನ ತ್ಯಾಗದಿಂದಲೋ ದೇವತೆಗಳ ಅನುಗ್ರಹದಿಂದಲೋ ದೊರೆತ ಆ ವಸ್ತುವು ಈಗ ಡಬ್ಬಿಯಲ್ಲಿ ಅಡಕವಾಗಿ ದೊರೆಯುವುದೆಂದು ಜಾಹೀರಾತುಗಳು ಸಾರುತ್ತಿವೆ. ದಿನಕ್ಕೆ ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದರೆ ಮುಖದ ಸುಕ್ಕು ಹೋಗುವುದಂತೆ, ಮಂಡಿಯ ನೋವು ಇಳಿಯುವುದಂತೆ, ಕೂದಲು ದಟ್ಟವಾಗುವುದಂತೆ. ಆ ಪುಡಿಗೆ ಪೆಪ್ಟೈಡ್ ಎಂದು ಹೆಸರು.

ಇಂತಹ ಡಬ್ಬಿಗಳು ದೊಡ್ಡ ಪಟ್ಟಣಗಳಿಗೆ ಮಾತ್ರ ಸೇರಿದವೆಂದು ಎಣಿಸಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಫೋನಿನಿಂದ ಬೇಡಿಕೆ ಕಳುಹಿಸಿದರೆ ಚಳ್ಳಕೆರೆಯ ಮನೆಬಾಗಿಲಿಗೂ ಮೊಳಕಾಲ್ಮೂರಿನ ನೇಯ್ಗೆಯವರ ಕೇರಿಗೂ ಅವು ಬಂದು ಬೀಳುವ ಕಾಲವಿದು. ಮಳೆ ಕಡಮೆಯಾಗಿ ಬಿಸಿಲು ಹೆಚ್ಚಾದ ಈ ಸೀಮೆಯಲ್ಲಿ ನಲವತ್ತು ದಾಟುವುದರೊಳಗೆ ಮುಖ ಬಾಡುವುದು ಸಾಮಾನ್ಯ. ಆದುದರಿಂದ ಕೊಳ್ಳುವ ಆಸೆಯೂ ಸಹಜವೇ. ಆದರೆ ಒಂದು ಮನೆಯ ಹಣಕ್ಕೆ ಹಾಲು, ಬೇಳೆ, ಮಕ್ಕಳ ಪುಸ್ತಕ, ಹಿರಿಯರ ಔಷಧ ಎಂಬ ಹಕ್ಕುದಾರರು ಮೊದಲೇ ಇರುವರು. ಅವರ ಪಾಲಿನಿಂದ ತೆಗೆದು ಈ ಡಬ್ಬಿಗೆ ಕೊಡುವ ಮುನ್ನ, ಇದರ ಹಿಂದಿರುವ ಶಾಸ್ತ್ರೀಯ ಪ್ರಮಾಣವು ಎಷ್ಟು ತೂಗುವುದೆಂದು ನೋಡುವುದು ಗೃಹಸ್ಥರ ಕರ್ತವ್ಯ.

ಪೆಪ್ಟೈಡ್ ಎಂದರೇನು?

ಇದನ್ನು ತಿಳಿಯುವುದಕ್ಕೆ ಮೊಳಕಾಲ್ಮೂರಿನ ರೇಷ್ಮೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅಲ್ಲಿಯ ಸೀರೆ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದದ್ದು. ಅದರ ಒಂದೊಂದು ಎಳೆಯೂ ಸಸಾರಜನಕ, ಎಂದರೆ ಪ್ರೋಟೀನ್. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಸಣ್ಣ ಮಣಿಗಳನ್ನು ಪೋಣಿಸಿದ ಉದ್ದವಾದ ಸರ. ಮಣಿಗಳಲ್ಲಿ ಮುಖ್ಯವಾದವು ಇಪ್ಪತ್ತು ಬಗೆ. ಯಾವ ಮಣಿಯ ಮುಂದೆ ಯಾವುದು ಬರುವುದೆಂಬುದರ ಮೇಲೆ ಆ ಸರವು ರೇಷ್ಮೆಯಾಗುವುದೋ, ಕುರಿಯ ಉಣ್ಣೆಯಾಗುವುದೋ, ನಮ್ಮ ಚರ್ಮವಾಗುವುದೋ ನಿರ್ಧಾರವಾಗುತ್ತದೆ. ಈ ಸರವು ಗಿಡ್ಡದಾಗಿದ್ದರೆ, ಎರಡು ಮೂರರಿಂದ ಹಿಡಿದು ಸುಮಾರು ಐವತ್ತು ಮಣಿಗಳವರೆಗೆ ಇದ್ದರೆ, ಅದನ್ನೇ ಪೆಪ್ಟೈಡ್ ಎನ್ನುವರು. ಅಂದಮೇಲೆ ಪೆಪ್ಟೈಡ್ ಎಂಬುದು ಯಾವುದೋ ಒಂದು ದಿವ್ಯೌಷಧದ ಹೆಸರಲ್ಲ. ಪ್ರೋಟೀನಿನ ತುಂಡು ಎಂದಷ್ಟೇ ಅದರ ಅರ್ಥ. ನಾವು ಉಂಡ ಬೇಳೆ, ಹಾಲು, ಮೊಟ್ಟೆಗಳು ಹೊಟ್ಟೆಯಲ್ಲಿ ಜೀರ್ಣವಾಗುವಾಗ ಪ್ರತಿನಿತ್ಯವೂ ಲೆಕ್ಕವಿಲ್ಲದಷ್ಟು ಪೆಪ್ಟೈಡುಗಳು ಹುಟ್ಟುತ್ತವೆ.

ರೇಷ್ಮೆಯ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ಹೊಳೆಯುವ ನೂಲು ಫೈಬ್ರಾಯಿನ್. ಅದನ್ನು ಸುತ್ತಿಕೊಂಡಿರುವ ಅಂಟು ಸೆರಿಸಿನ್. ಕಚ್ಚಾ ರೇಷ್ಮೆಯ ತೂಕದಲ್ಲಿ ನೂರಕ್ಕೆ ೨೦ರಿಂದ ೩೦ ಪಾಲು ಈ ಅಂಟೇ ಇರುತ್ತದೆ. ಬಣ್ಣ ಹಾಕುವ ಮುನ್ನ ಸೋಪು ಸೋಡಾ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದಾಗಲೇ ರೇಷ್ಮೆಗೆ ಮೃದುತ್ವ ಬರುವುದು. ಹೀಗೆ ನೀರಿನೊಡನೆ ಹರಿದುಹೋಗುತ್ತಿದ್ದ ಸೆರಿಸಿನ್ನನ್ನೂ, ತುಂಡರಿಸಿದ ಫೈಬ್ರಾಯಿನನ್ನೂ ಈಗ ರೇಷ್ಮೆ ಪೆಪ್ಟೈಡ್ ಎಂಬ ಹೆಸರಿನಿಂದ ಮುಖಲೇಪಗಳಲ್ಲಿ ಬೆರೆಸಿ ಮಾರುವರು. ಸೆರಿಸಿನ್ ನೀರನ್ನು ಹಿಡಿದಿಡುವ ಗುಣವುಳ್ಳದ್ದು. ಲೇಪಿಸಿದರೆ ಚರ್ಮದ ತೇವ ಆರದಂತೆ ಸ್ವಲ್ಪ ಕಾಯುವುದು ನಂಬತಕ್ಕ ಮಾತು. ಅದು ಮುಪ್ಪನ್ನೇ ಹಿಂದಕ್ಕೆ ತಳ್ಳುವುದೆಂಬ ಮಾತಿಗೆ ಆಧಾರವಾಗಿ ತೋರಿಸುವ ಪ್ರಯೋಗಗಳಾದರೋ ಹೆಚ್ಚಿನವು ಪ್ರಯೋಗಶಾಲೆಯ ಜೀವಕಣಗಳ ಮೇಲೂ ಪ್ರಾಣಿಗಳ ಮೇಲೂ ನಡೆದವು.

ಮೂರೆಳೆಯ ಹುರಿ

ಮುಪ್ಪು ತಡೆಯುವುದೆಂದು ನುಂಗಲು ಕೊಡುವ ಪುಡಿಗಳಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ತುಂಡುಗಳು. ನಮ್ಮ ದೇಹದ ಪ್ರೋಟೀನಿನಲ್ಲಿ ಮೂರನೆಯ ಒಂದು ಪಾಲಿನ ಸಮೀಪ ಕೊಲಾಜೆನ್ನೇ ಆಗಿದೆ. ಚರ್ಮದ ಬಿಗಿ, ಎಲುಬಿನ ಗಟ್ಟಿ, ಸ್ನಾಯುವನ್ನು ಎಲುಬಿಗೆ ಕಟ್ಟಿದ ನಾರಿನ ಬಲ, ಇವೆಲ್ಲವೂ ಅದರಿಂದ. ವಯಸ್ಸಾದಂತೆ ದೇಹವು ಅದನ್ನು ಕಟ್ಟುವುದು ಕಡಮೆಯಾಗಿ ಒಡೆಯುವುದು ಹೆಚ್ಚಾಗುತ್ತದೆ. ಚರ್ಮ ಜೋಲುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ಕೊಲಾಜೆನ್ನಿನ ಆಕಾರವನ್ನು ಲೋಕಕ್ಕೆ ತಿಳಿಸಿದವರಲ್ಲಿ ನಮ್ಮ ದೇಶದವರು ಅಗ್ರಗಣ್ಯರೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ. ೧೯೫೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಜಿ. ಎನ್. ರಾಮಚಂದ್ರನ್ ಅವರೂ ಗೋಪಿನಾಥ ಕರ್ತಾ ಅವರೂ, ಕೊಲಾಜೆನ್ ಎಂಬುದು ಮೂರು ಎಳೆಗಳನ್ನು ಸೇರಿಸಿ ಹೊಸೆದ ಹುರಿಯಂತೆ ಇದೆಯೆಂದು ತೋರಿಸಿದರು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಅದೇ ವಿಭಾಗದಲ್ಲಿ ಪೆಪ್ಟೈಡುಗಳ ರಚನೆಯನ್ನು ಜೀವಮಾನದ ಅಧ್ಯಯನವಾಗಿ ಮಾಡಿಕೊಂಡ ಪಿ. ಬಲರಾಮ್ ಅವರು ೨೦೦೫ರಿಂದ ೨೦೧೪ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಸಂಸ್ಥೆಯ ಎರಡನೆಯ ಆವರಣ ಆರಂಭವಾದದ್ದು ಅವರ ಕಾಲದಲ್ಲಿಯೇ. ಸುಮಾರು ೧,೫೦೦ ಎಕರೆಯ ಆ ಆವರಣದಲ್ಲಿ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನದ ತರಬೇತಿ ನಡೆಯುತ್ತಿದೆ. ಹೀಗೆ ಪೆಪ್ಟೈಡಿನ ಶಾಸ್ತ್ರವು ಈ ಸೀಮೆಗೆ ಅಪರಿಚಿತವಾದ ವಿದ್ಯೆಯಲ್ಲ. ಅಪರಿಚಿತವಾದುದು ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರ.

ಪುಡಿಯ ಮೂಲವನ್ನೂ ತಿಳಿದಿರಬೇಕು. ದನ, ಹಂದಿ, ಮೀನು ಇವುಗಳ ಚರ್ಮ, ಎಲುಬು, ಪೊರೆಗಳನ್ನು ಬೇಯಿಸಿ, ಜೀರ್ಣಕಾರಿ ಕಿಣ್ವಗಳಿಂದ ತುಂಡರಿಸಿ ಅದನ್ನು ತಯಾರಿಸುವರು. ಗಿಡಮರಗಳಲ್ಲಿ ಕೊಲಾಜೆನ್ ಇರುವುದಿಲ್ಲ. 'ಸಸ್ಯಜನ್ಯ ಕೊಲಾಜೆನ್' ಎಂದು ಬರೆದ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ನುಗಳು, ಅಮೈನೋ ಆಮ್ಲಗಳು, ಸೊಪ್ಪುಹಣ್ಣುಗಳ ಸಾರ ಮಾತ್ರ. ಮಾಂಸವನ್ನು ಮುಟ್ಟದ ಮನೆಯವರು ಡಬ್ಬಿಯ ಮೇಲಿನ ಕಂದುಬಣ್ಣದ ಗುರುತನ್ನು ನೋಡದೆ ಕೊಳ್ಳಬಾರದು.

ಹೊಟ್ಟೆಗೆ ಹೋದಮೇಲೆ

ನುಂಗಿದ ಕೊಲಾಜೆನ್ ನೇರವಾಗಿ ಹೋಗಿ ಕೆನ್ನೆಯ ಚರ್ಮದಲ್ಲಿ ಕೂತುಕೊಳ್ಳುವುದೆಂದು ಅನೇಕರು ಭಾವಿಸುವರು. ದೇಹದ ಕ್ರಮ ಹಾಗಿಲ್ಲ. ಜಠರದ ಆಮ್ಲವೂ ಕರುಳಿನ ಕಿಣ್ವಗಳೂ ಯಾವ ಪ್ರೋಟೀನು ಬಂದರೂ ಅದನ್ನು ಬಿಡಿಮಣಿಗಳಾಗಿ, ಇಲ್ಲವೆ ಎರಡು ಮೂರು ಮಣಿಗಳ ತುಂಡುಗಳಾಗಿ ಬಿಡಿಸಿಬಿಡುತ್ತವೆ. ಹಳೆಯ ರೇಷ್ಮೆಸೀರೆಯೊಂದನ್ನು ಎಳೆ ಎಳೆಯಾಗಿ ಬಿಚ್ಚಿ ನೇಕಾರನ ಕೈಗೆ ಕೊಟ್ಟರೆ ಅವನು ಅದೇ ಅಂಚು ಅದೇ ಸೆರಗಿನ ಸೀರೆಯನ್ನೇ ನೇಯುವನೆಂದು ಹೇಳಲಾದೀತೆ? ಮಗ್ಗದ ಮೇಲೆ ಆಗ ಯಾವ ಕೆಲಸವಿದೆಯೋ ಅದಕ್ಕೆ ಆ ನೂಲು ಸೇರಿಹೋಗುವುದು. ದೇಹವೂ ಹಾಗೆಯೇ, ಬಂದ ಮಣಿಗಳನ್ನು ರಕ್ತಕ್ಕೋ ಸ್ನಾಯುವಿಗೋ ಚರ್ಮಕ್ಕೋ ತನಗೆ ಬೇಕಾದ ಕಡೆ ಬಳಸಿಕೊಳ್ಳುವುದು.

ಮಧುಮೇಹದ ಮನೆಗಳವರಿಗೆ ಇದರ ಸಾಕ್ಷ್ಯ ಕಣ್ಣೆದುರಿಗೇ ಇದೆ. ಇನ್ಸುಲಿನ್ ೫೧ ಮಣಿಗಳ ಪೆಪ್ಟೈಡ್. ಅದನ್ನು ಮೊದಲು ರೋಗಿಗೆ ಕೊಟ್ಟ ೧೯೨೨ರಿಂದ ಇಂದಿನವರೆಗೂ ಬಹುಮಟ್ಟಿಗೆ ಸೂಜಿಯ ಮೂಲಕವೇ ಕೊಡುತ್ತಿರುವುದು ಏತಕ್ಕೆ? ನುಂಗಿದರೆ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುವುದರಿಂದ. ಸೆಮಾಗ್ಲುಟೈಡ್ ಎಂಬ ಪೆಪ್ಟೈಡನ್ನು ೨೦೧೯ರಲ್ಲಿ ಗುಳಿಗೆಯಾಗಿ ತಂದರಾದರೂ, ಅದು ಹೀರಿಕೆಯಾಗುವಂತೆ ವಿಶೇಷ ದ್ರವ್ಯವೊಂದನ್ನು ಬೆರೆಸಬೇಕಾಯಿತು. ಆಗಲೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಮೆ. ಇಷ್ಟು ಶ್ರಮವಿಲ್ಲದೆ ಪೆಪ್ಟೈಡ್ ಪುಡಿಯೊಂದು ಇಡಿಯಾಗಿ ರಕ್ತಕ್ಕೆ ಸೇರಿ, ಗುರಿಯಿಟ್ಟಂತೆ ಮುಖಕ್ಕೇ ಹೋಗುವುದೆಂಬುದು ಒಪ್ಪತಕ್ಕ ಮಾತಲ್ಲ.

ಆದರೆ ಎದುರು ಪಕ್ಷದ ವಾದವನ್ನೂ ಕೇಳುವುದು ನ್ಯಾಯ. ಕೊಲಾಜೆನ್ನಿನ ಕೆಲವು ಎರಡು ಮಣಿಯ ತುಂಡುಗಳು ಸುಲಭವಾಗಿ ಒಡೆಯುವುದಿಲ್ಲ. ಜಪಾನಿನ ಪಂಡಿತರು ೨೦೦೫ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಕೊಲಾಜೆನ್ ತುಂಡುಗಳನ್ನು ಸೇವಿಸಿದವರ ರಕ್ತದಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಸೇರಿದ ಜೋಡಿಯು ಕಂಡುಬಂದಿತು. ಈ ಜೋಡಿಯು ಚರ್ಮದ ಜೀವಕಣಗಳಿಗೆ 'ಕೊಲಾಜೆನ್ ಒಡೆದಿದೆ, ಹೊಸದನ್ನು ಕಟ್ಟಿ' ಎಂಬ ಸೂಚನೆಯಂತೆ ವರ್ತಿಸಬಹುದೆಂದು ಅವರ ಊಹೆ. ಊಹೆಯು ಅಸಂಬದ್ಧವಲ್ಲ. ಆದರೆ ಊಹೆಗೂ ರುಜುವಾತಿಗೂ ನಡುವೆ ದೂರವುಂಟು; ಆ ದೂರವನ್ನು ದಾಟಿಸುವುದು ಮನುಷ್ಯರ ಮೇಲಿನ ನಿಷ್ಪಕ್ಷಪಾತವಾದ ಪರೀಕ್ಷೆಯೊಂದೇ.

ಪರೀಕ್ಷೆ ಹೇಗಿರಬೇಕು?

'ನಾನು ತೆಗೆದುಕೊಂಡೆ, ನನಗೆ ಗುಣವಾಯಿತು' ಎಂದರೆ ಸಾಲದೆ? ಸಾಲದು. ಏತಕ್ಕೆಂಬುದನ್ನು ಒಂದು ಹಳೆಯ ವೃತ್ತಾಂತವು ಚೆನ್ನಾಗಿ ತಿಳಿಸುತ್ತದೆ. ೧೮೮೯ರಲ್ಲಿ ಪ್ಯಾರಿಸ್ ನಗರದಲ್ಲಿ ಬ್ರೌನ್-ಸೆಕಾರ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞರು, ತಮ್ಮ ೭೨ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಮಗೆ ತಾವೇ ಚುಚ್ಚಿಕೊಂಡು, ದೇಹಬಲವೂ ಬುದ್ಧಿಯ ಚುರುಕೂ ಮರಳಿ ಬಂದವೆಂದು ವಿದ್ವತ್ಸಭೆಯ ಮುಂದೆ ಹೇಳಿದರು. ಅವರು ಸುಳ್ಳುಗಾರರಲ್ಲ. ಆದರೆ ಅದೇ ವಿಧಾನದಿಂದ ತಯಾರಿಸಿದ ರಸವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಪರೀಕ್ಷಿಸಿ, ಅದರಲ್ಲಿ ಪರಿಣಾಮವುಂಟುಮಾಡುವಷ್ಟು ಹಾರ್ಮೋನು ಇರಲೇ ಇಲ್ಲವೆಂದು ೨೦೦೨ರಲ್ಲಿ ತಿಳಿಸಿದರು. ಆ ವೃದ್ಧರು ಅನುಭವಿಸಿದ ಬಲವು ನಂಬಿಕೆಯ ಬಲ. ಅಷ್ಟು ದೊಡ್ಡ ಪಂಡಿತರನ್ನೇ ಮೋಸಗೊಳಿಸಿದ ನಂಬಿಕೆ ನಮ್ಮ ನಿಮ್ಮನ್ನು ಬಿಟ್ಟೀತೆ?

ಆದುದರಿಂದ ಯೋಗ್ಯವಾದ ಪರೀಕ್ಷೆಯಲ್ಲಿ ಜನರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ನಿಜವಾದ ಪುಡಿಯನ್ನೂ ಇನ್ನೊಂದಕ್ಕೆ ಅದೇ ರೂಪದ ಹುಸಿ ಪುಡಿಯನ್ನೂ ಕೊಡುವರು. ಯಾರಿಗೆ ಯಾವುದು ಸಿಕ್ಕಿತೆಂಬುದು ಸೇವಿಸುವವನಿಗೂ ಅಳೆಯುವವನಿಗೂ ಕೊನೆಯವರೆಗೆ ತಿಳಿಯಕೂಡದು. ಚಳ್ಳಕೆರೆಯು ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿ ಶೇಂಗಾ ಕೊಳ್ಳುವ ಅನುಭವಸ್ಥನು ಚೀಲದ ಬಾಯಿಯಲ್ಲಿ ಮಾರುವವನು ತೋರಿಸಿದ ಹಿಡಿಯನ್ನೇ ನಂಬಿ ದರ ಕಟ್ಟುವನೆ? ಚೀಲದ ನಡುವಿನಿಂದ ತಾನೇ ತೆಗೆದು, ಸುಲಿದು, ಕಾಳು ಜೊಳ್ಳೋ ಗಟ್ಟಿಯೋ ನೋಡುವನಲ್ಲವೆ? ಪರೀಕ್ಷೆಯ ನೀತಿಯೂ ಅದೇ. ಮಾರುವವನೇ ಆರಿಸಿ ತೋರಿಸಿದ ಹಿಡಿಯು ಪ್ರಮಾಣವಾಗಲಾರದು.

ಪರೀಕ್ಷೆಗಳು ಹೇಳುವುದೇನು?

ಕೊಲಾಜೆನ್ನಿನ ಪರವಾಗಿ ಹೆಚ್ಚಾಗಿ ಉದಾಹರಿಸುವ ಜರ್ಮನಿಯ ಪರೀಕ್ಷೆಯೊಂದು ೨೦೧೪ರಲ್ಲಿ ಪ್ರಕಟವಾಯಿತು. ೩೫ರಿಂದ ೫೫ ವಯಸ್ಸಿನ ೬೯ ಮಹಿಳೆಯರು ಎಂಟು ವಾರ ದಿನಕ್ಕೆ ಎರಡೂವರೆ ಗ್ರಾಂ, ಐದು ಗ್ರಾಂ, ಇಲ್ಲವೆ ಹುಸಿ ಪುಡಿಯನ್ನು ಸೇವಿಸಿದರು. ನಿಜವಾದ ಪುಡಿ ಸೇವಿಸಿದವರ ಚರ್ಮವು ಎಳೆದು ಬಿಟ್ಟಾಗ ಹಿಂದಿರುಗುವ ಗುಣದಲ್ಲಿ ಸ್ವಲ್ಪ ಮೇಲಾಯಿತು. ಚರ್ಮದ ತೇವದ ವಿಷಯದಲ್ಲಿ ಖಚಿತವಾದ ಭೇದ ಕಾಣಲಿಲ್ಲ. ಇಂತಹ ೧೯ ಪರೀಕ್ಷೆಗಳನ್ನು, ಒಟ್ಟು ೧,೧೨೫ ಮಂದಿಯನ್ನು, ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟವಾದ ವಿಮರ್ಶೆಯೂ ಕೊಲಾಜೆನ್ನಿನಿಂದ ಚರ್ಮದ ತೇವ, ಬಿಗಿ, ಸುಕ್ಕುಗಳಲ್ಲಿ ಸುಧಾರಣೆಯಿದೆಯೆಂದಿತು. ಡಬ್ಬಿಗಳ ಮೇಲೆ 'ವೈಜ್ಞಾನಿಕವಾಗಿ ರುಜುವಾತಾಗಿದೆ' ಎಂದು ಅಚ್ಚು ಹಾಕುವುದು ಇವುಗಳನ್ನು ನಂಬಿಯೇ.

ಇಲ್ಲಿಗೆ ಓದು ನಿಲ್ಲಿಸಿದರೆ ಡಬ್ಬಿ ಕೊಳ್ಳುವುದೇ ಸರಿಯೆನಿಸೀತು. ಆದರೆ ೨೦೨೫ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೊರಿಯದ ಇಬ್ಬರು ಸಂಶೋಧಕರು ೨೩ ಪರೀಕ್ಷೆಗಳ, ೧,೪೭೪ ಮಂದಿಯ, ಲೆಕ್ಕವನ್ನು ಮತ್ತೆ ತೆಗೆದರು. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಅವರಿಗೂ ಸುಧಾರಣೆ ಕಂಡಿತು. ಅನಂತರ ಅವರು ಆ ಪರೀಕ್ಷೆಗಳನ್ನು ಎರಡು ರಾಶಿ ಮಾಡಿದರು: ಕಂಪನಿಗಳ ಹಣದಿಂದ ನಡೆದವು ಒಂದು ರಾಶಿ, ಹಾಗಲ್ಲದವು ಇನ್ನೊಂದು. ಕಂಪನಿಯ ಹಣವಿದ್ದ ರಾಶಿಯಲ್ಲಿ ಗುಣ ಕಂಡಿತು. ಹಣವಿಲ್ಲದ ರಾಶಿಯಲ್ಲಿ ತೇವಕ್ಕಾಗಲಿ, ಬಿಗಿಗಾಗಲಿ, ಸುಕ್ಕಿಗಾಗಲಿ ಯಾವ ಗುಣವೂ ಕಾಣಲಿಲ್ಲ. ಪರೀಕ್ಷೆಗಳನ್ನು ಗುಣಮಟ್ಟದ ಮೇರೆಗೆ ವಿಂಗಡಿಸಿದಾಗಲೂ ಹಾಗೆಯೇ: ಬಿಗಿಯಾದ ಕ್ರಮದಲ್ಲಿ ನಡೆದವುಗಳಲ್ಲಿ ಫಲವಿಲ್ಲ, ಸಡಿಲವಾಗಿ ನಡೆದವುಗಳಲ್ಲಿ ಫಲವುಂಟು. ಚರ್ಮದ ಮುಪ್ಪನ್ನು ತಡೆಯಲು ಕೊಲಾಜೆನ್ ಸೇವನೆಗೆ ಸದ್ಯಕ್ಕೆ ಆಧಾರವಿಲ್ಲವೆಂದೇ ಅವರ ನಿರ್ಣಯ.

ಇದರ ಅರ್ಥ ಕಂಪನಿಗಳ ನೆರವು ಪಡೆದ ವಿಜ್ಞಾನಿಗಳೆಲ್ಲರೂ ಅಸತ್ಯವಾದಿಗಳೆಂದಲ್ಲ. ಫಲ ಕಾಣದ ಪರೀಕ್ಷೆ ಪ್ರಕಟವಾಗದೆ ಪೆಟ್ಟಿಗೆಯಲ್ಲಿ ಉಳಿಯಬಹುದು. ಹತ್ತು ಬಗೆಯಾಗಿ ಅಳೆದು ಚೆನ್ನಾಗಿ ಕಂಡ ಒಂದನ್ನೇ ಮುಂದಿಡಬಹುದು. ಪುಡಿಯೊಡನೆ ವಿಟಮಿನ್ ಮೊದಲಾದವುಗಳನ್ನು ಬೆರೆಸಿ ಫಲವನ್ನೆಲ್ಲ ಕೊಲಾಜೆನ್ನಿನ ಹೆಸರಿಗೇ ಬರೆಯಬಹುದು. ಹೇಗಿದ್ದರೂ ಗೃಹಸ್ಥರು ತಿಳಿಯಬೇಕಾದುದು ಇಷ್ಟು: ತಕ್ಕಡಿಯ ಒಂದು ತಟ್ಟೆಯಲ್ಲಿರುವ ತೂಕದಲ್ಲಿ ಬಹುಪಾಲು ಮಾರುವವರೇ ಇಟ್ಟದ್ದು. ಮಂಡಿನೋವಿನ ವಿಷಯದಲ್ಲಿಯೂ ಕೆಲವು ಪರೀಕ್ಷೆಗಳಲ್ಲಿ ಅಲ್ಪ ಉಪಶಮನ ಕಂಡಿರುವುದುಂಟು. ಸವೆದ ಮಂಡಿಯ ಮೃದ್ವಸ್ಥಿ ಮತ್ತೆ ಬೆಳೆಯುವುದೆಂಬ ಮಾತಿಗೆ ಆಧಾರವಿಲ್ಲ.

ಮುಖಕ್ಕೆ ಹಚ್ಚುವ ಪೆಪ್ಟೈಡ್ ಲೇಪಗಳದ್ದು ಬೇರೊಂದು ಕಥೆ. ೧೯೭೩ರಲ್ಲಿ ಲಾರೆನ್ ಪಿಕಾರ್ಟ್ ಎಂಬವರು ಮನುಷ್ಯನ ರಕ್ತದ್ರವದಲ್ಲಿ ಕಂಡುಹಿಡಿದ ಮೂರು ಮಣಿಯ ಪೆಪ್ಟೈಡೊಂದನ್ನು ತಾಮ್ರದೊಡನೆ ಬೆರೆಸಿ ಇಂತಹ ಲೇಪಗಳಲ್ಲಿ ಬಳಸುವರು. ನಡೆದ ಪರೀಕ್ಷೆಗಳು ಚಿಕ್ಕವು; ಚರ್ಮದ ಹೊರಪದರವೇ ಇವುಗಳಿಗೆ ದೊಡ್ಡ ಅಡ್ಡಗೋಡೆ. ಲೇಪಗಳಲ್ಲಿ ಹೆಚ್ಚು ಆಧಾರವುಳ್ಳದ್ದು ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್. ಗರ್ಭಿಣಿಯರು ಅದನ್ನೂ ಬಳಸಬಾರದು.

ಸೂಜಿಮದ್ದಿನ ಅಪಾಯ

ನುಂಗುವ ಪುಡಿಯಿಂದ ಹೆಚ್ಚೆಂದರೆ ಹಣ ಹೋದೀತು. ಚುಚ್ಚಿಕೊಳ್ಳುವ ಪೆಪ್ಟೈಡುಗಳ ಮಾತು ಹಾಗಲ್ಲ.

೧೯೯೦ರಲ್ಲಿ ಅಮೆರಿಕದ ಡೇನಿಯಲ್ ರಡ್‌ಮನ್ ಅವರು ೬೧ರಿಂದ ೮೧ ವಯಸ್ಸಿನ ೨೧ ಪುರುಷರಲ್ಲಿ ೧೨ ಮಂದಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನನ್ನು ಚುಚ್ಚಿ, ಮಾಂಸ ಹೆಚ್ಚಿ ಕೊಬ್ಬು ಇಳಿದು ಚರ್ಮ ನೂರಕ್ಕೆ ಏಳು ಪಾಲಿನಷ್ಟು ದಪ್ಪವಾಯಿತೆಂದು ತಿಳಿಸಿದರು. ೧೨ ಮಂದಿಯ ಈ ವರದಿಯು ಯೌವನದ ಚಿಲುಮೆಯೆಂದು ಲೋಕದಲ್ಲೆಲ್ಲ ಹಬ್ಬಿತು. ಅದನ್ನು ಪ್ರಕಟಿಸಿದ ವೈದ್ಯಪತ್ರಿಕೆಯೇ, ಜಾಹೀರಾತುಗಾರರು ಈ ಲೇಖನವನ್ನು ದುರುಪಯೋಗಪಡಿಸುತ್ತಿರುವರೆಂದು ೨೦೦೩ರಲ್ಲಿ ಎಚ್ಚರಿಸಬೇಕಾಯಿತು. ೨೦೦೭ರಲ್ಲಿ ಇತರ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದವರು, ಲಾಭ ಅಲ್ಪವೆಂದೂ ಮೈ ಬಾವು, ಕೀಲುನೋವು ಮೊದಲಾದ ತೊಂದರೆಗಳು ಹೆಚ್ಚೆಂದೂ, ಮುಪ್ಪಿಗೆ ಇದನ್ನು ಬಳಸಬಾರದೆಂದೂ ತೀರ್ಮಾನಿಸಿದರು. ವಿಚಿತ್ರವೇನೆಂದರೆ, ಈ ಹಾರ್ಮೋನಿನ ಕೊರತೆಯಿಂದ ಕುಳ್ಳಾಗಿ ಹುಟ್ಟಿದ ಒಂದು ತಳಿಯ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಬಹುಕಾಲ ಬದುಕುತ್ತವೆಯೆಂಬುದು ೧೯೯೬ರಲ್ಲಿಯೇ ಗೊತ್ತಾಗಿತ್ತು.

ಈಚೆಗೆ ಬಿಪಿಸಿ-೧೫೭ ಎಂಬ ಹೆಸರೂ ಕೇಳಿಬರುತ್ತಿದೆ. ಇದರ ಶೋಧನೆಗಳು ಬಹುತೇಕ ಇಲಿಗಳ ಮೇಲೆ ನಡೆದವು. ಮನುಷ್ಯರಲ್ಲಿ ಅದು ಎಷ್ಟು ಕ್ಷೇಮವೆಂಬುದು ತಕ್ಕಷ್ಟು ಪರೀಕ್ಷೆಯಾಗಿಲ್ಲ. ೨೦೨೨ರಲ್ಲಿ ಆಟಗಾರರ ಮದ್ದುಸೇವನೆಯನ್ನು ತಡೆಯುವ ಜಾಗತಿಕ ಸಂಸ್ಥೆಯು ಇದನ್ನು ನಿಷೇಧಿಸಿತು. ೨೦೨೩ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು ಇದನ್ನು ಅಪಾಯದ ಶಂಕೆಯುಳ್ಳ ದ್ರವ್ಯಗಳ ಪಟ್ಟಿಗೆ ಸೇರಿಸಿದರು. 'ಸಂಶೋಧನೆಗಾಗಿ ಮಾತ್ರ' ಎಂದು ಬರೆದ ಸೀಸೆಯಲ್ಲಿ ಏನಿದೆ, ಎಷ್ಟಿದೆ, ಅದು ಕ್ರಿಮಿಶುದ್ಧವೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಅಂತಹುದನ್ನು ಮನೆಯಲ್ಲಿ ಚುಚ್ಚಿಕೊಳ್ಳುವುದು ಎಷ್ಟು ಮಾತ್ರಕ್ಕೂ ಸಲ್ಲದು.

ಡಬ್ಬಿಯ ಮೇಲಿನ ಬರಹ

ನಮ್ಮ ದೇಶದಲ್ಲಿ ಇಂತಹ ಪುಡಿಗಳು ಔಷಧವಲ್ಲ, ಆಹಾರ. ಅವುಗಳ ಮೇಲ್ವಿಚಾರಣೆ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ ಸೇರಿದ್ದು. ಡಬ್ಬಿಯ ಮೇಲೆ ೧೪ ಅಂಕಿಗಳ ಪರವಾನಗಿ ಸಂಖ್ಯೆಯೂ, ಔಷಧೋಪಯೋಗಕ್ಕಲ್ಲವೆಂಬ ಸೂಚನೆಯೂ ಇರತಕ್ಕದ್ದು. ಪರವಾನಗಿಯಿದ್ದ ಮಾತ್ರಕ್ಕೆ ಫಲ ರುಜುವಾತಾಯಿತೆಂದು ಭಾವಿಸಬಾರದು. ಇನ್ನು ಔಷಧವೆಂದೇ ಮಾರುವವರನ್ನು ತಡೆಯಲು ೧೯೪೫ರ ಔಷಧ ನಿಯಮಗಳಿವೆ. ಯಾವ ಔಷಧವೂ ವಾಸಿಮಾಡುವುದಾಗಿ ಹೇಳಿಕೊಳ್ಳಬಾರದ ವಿಷಯಗಳ ಪಟ್ಟಿಯೊಂದು ಅವುಗಳಿಗೆ ಸೇರಿದೆ; ಅಕಾಲ ವೃದ್ಧಾಪ್ಯವೂ, ಯೌವನವನ್ನು ಮರಳಿಸುವ ಶಕ್ತಿಯೂ ಅದರಲ್ಲಿವೆ. ಆದುದರಿಂದ 'ಮುಪ್ಪನ್ನು ವಾಸಿಮಾಡುವ ಮದ್ದು' ಎಂದು ಕೂಗುವ ಮಾತೇ ಕಾನೂನಿಗೆ ವಿರೋಧವಾದುದು.

ಕೊಳ್ಳಲೇಬೇಕೆನಿಸಿದರೆ ಈ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಲೇಸು. ಹೇಳಿದ ಫಲ ಮನುಷ್ಯರಲ್ಲಿ ಕಂಡದ್ದೋ ಇಲಿಗಳಲ್ಲೋ? ಎಷ್ಟು ಮಂದಿಯಲ್ಲಿ, ಎಷ್ಟು ಕಾಲ? ಹುಸಿ ಪುಡಿಯೊಡನೆ ಹೋಲಿಸಿದರೆ? ಹಣ ಕೊಟ್ಟವರು ಯಾರು? ಮೂತ್ರಪಿಂಡದ ಕಾಯಿಲೆಯುಳ್ಳವರು ಹೆಚ್ಚಿನ ಪ್ರೋಟೀನಿನ ಪುಡಿಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು; ಮೀನು ಒಗ್ಗದವರು ಮೀನಿನ ಕೊಲಾಜೆನ್ನಿನಿಂದ ದೂರವಿರಬೇಕು. ಮಧುಮೇಹ, ರಕ್ತದೊತ್ತಡಗಳ ಔಷಧದ ಹಣವನ್ನು ಇದಕ್ಕೆ ತಿರುಗಿಸುವುದಂತೂ ಮಹಾಪರಾಧ.

ರುಜುವಾತಾದ ಮಾರ್ಗಗಳು

ಹಾಗಾದರೆ ಮಾಡುವುದೇನೂ ಇಲ್ಲವೆ? ಬೇಕಾದಷ್ಟಿದೆ. ಚರ್ಮದ ಕೊಲಾಜೆನ್ನಿಗೆ ಮೊದಲ ಶತ್ರು ಬಿಸಿಲು. ಅದರ ಅತಿನೇರಳೆ ಕಿರಣಗಳು ಕೊಲಾಜೆನ್ನನ್ನು ಒಡೆಯುವ ಕಿಣ್ವಗಳನ್ನು ಎಬ್ಬಿಸುತ್ತವೆ. ಆಸ್ಟ್ರೇಲಿಯದ ನ್ಯಾಂಬೂರಿನಲ್ಲಿ ೫೫ ವಯಸ್ಸಿನೊಳಗಿನ ೯೦೩ ಮಂದಿಯ ಮೇಲೆ ನಾಲ್ಕೂವರೆ ವರ್ಷ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನವೂ ಬಿಸಿಲುತಡೆ ಲೇಪವನ್ನು ಹಚ್ಚಿದವರ ಚರ್ಮದಲ್ಲಿ ಆ ಅವಧಿಯಲ್ಲಿ ಮುಪ್ಪಿನ ಹೆಚ್ಚಳವೇ ಕಾಣಲಿಲ್ಲ. ಲೇಪವಿಲ್ಲದವರಿಗೆ ನೆರಳಿದೆ, ವಸ್ತ್ರವಿದೆ. ಚಳ್ಳಕೆರೆಯ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದು ಕುರಿ ಕಾಯುವವನೂ, ತಲೆಯ ಮೇಲೆ ಸೆರಗು ಎಳೆದುಕೊಂಡು ಶೇಂಗಾ ಕೀಳುವವಳೂ ಇದನ್ನು ಶಾಸ್ತ್ರ ಓದದೆಯೇ ತಿಳಿದವರು. ಬೀಡಿ ಸಿಗರೇಟು ಎರಡನೆಯ ಶತ್ರು. ಅವುಗಳ ಹೊಗೆ ಚರ್ಮವನ್ನು ಬೇಗ ಸುಕ್ಕಾಗಿಸುವುದು ನಿಸ್ಸಂಶಯ.

ಆಹಾರದ ಲೆಕ್ಕವನ್ನೂ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೦ರಲ್ಲಿ ತಿಳಿಸಿದಂತೆ ೫೫ ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು ೪೬ ಗ್ರಾಂ, ೬೫ ಕಿಲೋ ತೂಕದ ಗಂಡಸಿಗೆ ೫೪ ಗ್ರಾಂ ಪ್ರೋಟೀನು ಬೇಕು. ಹತ್ತು ಗ್ರಾಂ ಕೊಲಾಜೆನ್ ಪುಡಿಯಲ್ಲಿರುವಷ್ಟು ಪ್ರೋಟೀನು ಸುಮಾರು ೪೦ ಗ್ರಾಂ, ಎಂದರೆ ಒಂದು ದೊಡ್ಡ ಹಿಡಿ, ಶೇಂಗಾ ಬೀಜದಲ್ಲಿದೆ. ಸಾಲದ್ದಕ್ಕೆ, ದೇಹವು ತಾನಾಗಿ ಮಾಡಿಕೊಳ್ಳಲಾರದ ಟ್ರಿಪ್ಟೊಫೇನ್ ಎಂಬ ಮಣಿ ಕೊಲಾಜೆನ್ನಿನಲ್ಲಿ ಇಲ್ಲವೇ ಇಲ್ಲ; ಆದುದರಿಂದ ಅದೊಂದೇ ಪೂರ್ಣಾಹಾರವಾಗಲಾರದು. ಧಾನ್ಯದಲ್ಲಿ ಕಡಮೆಯಾದ ಲೈಸಿನ್ನನ್ನು ಬೇಳೆಕಾಳು ತುಂಬುವುದರಿಂದ, ರಾಗಿಮುದ್ದೆಗೆ ಹುರುಳಿಸಾರು ಎಂಬ ನಮ್ಮ ಹಿರಿಯರ ಜೋಡಣೆ ಶಾಸ್ತ್ರಸಮ್ಮತವಾದುದು. ದೇಹವು ತನ್ನ ಕೊಲಾಜೆನ್ನನ್ನು ತಾನೇ ಹೊಸೆಯುವುದಕ್ಕೆ ಸಿ ವಿಟಮಿನ್ ಅತ್ಯವಶ್ಯ; ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಗಳಲ್ಲಿ ಅದು ಧಾರಾಳವಾಗಿದೆ. ಇವುಗಳೊಡನೆ ದಿನವೂ ನಡಿಗೆ, ಭಾರವೆತ್ತುವ ಕೆಲಸ, ಹೊತ್ತಿಗೆ ಸರಿಯಾದ ನಿದ್ರೆ ಸೇರಿದರೆ ಮುಪ್ಪು ಬಂದರೂ ಕೈಲಾಗದ ಮುಪ್ಪು ಬರುವುದು ತಡವಾಗುತ್ತದೆ.

ಬ್ರಹ್ಮಗಿರಿಯ ಬಂಡೆ

ದೀರ್ಘಾಯುಷ್ಯದ ಮಾತು ಈ ಸೀಮೆಯಲ್ಲಿ ಬಹಳ ಹಿಂದೆಯೇ ಕಲ್ಲಿನ ಮೇಲೆ ಬರೆದುಹೋಗಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದರು. ಬ್ರಹ್ಮಗಿರಿಯ ಶಾಸನವು ತಂದೆತಾಯಿಗಳ ಮಾತನ್ನು ನಡೆಸಬೇಕೆಂದೂ, ಪ್ರಾಣಿಗಳಲ್ಲಿ ದಯೆಯಿರಬೇಕೆಂದೂ, ಸತ್ಯವನ್ನು ನುಡಿಯಬೇಕೆಂದೂ, ಶಿಷ್ಯನು ಗುರುವನ್ನು ಗೌರವಿಸಬೇಕೆಂದೂ ವಿಧಿಸಿ, ಇದು ಪುರಾತನವಾದ ನಡತೆ, ಇದರಿಂದ ದೀರ್ಘಾಯುಸ್ಸು ಎಂಬ ಅಭಿಪ್ರಾಯವನ್ನು ಸೇರಿಸಿದೆ.

ಶಾಸನದ ಆ ನಡತೆಯಿಂದ ಆಯುಸ್ಸು ಎಷ್ಟು ವರ್ಷ ಹೆಚ್ಚುವುದೆಂದು ಯಾರೂ ಅಳೆದಿಲ್ಲ. ಆದರೆ ಅದರಲ್ಲಿ ಹೇಳಿದ ಒಂದು ಧರ್ಮವನ್ನು, ಸತ್ಯವನ್ನು ನುಡಿಯುವುದನ್ನು, ಮುಪ್ಪಿನ ಮದ್ದು ಮಾರುವವರಿಂದ ನಾವು ಕೇಳಿ ಪಡೆಯಬಹುದು. ಮನೆಯ ಹಿರಿಯರು ತಮ್ಮ ಮುಖದ ಸುಕ್ಕಿಗೆ ನಾಚಿ ಡಬ್ಬಿಯ ಕಡೆ ಕೈ ನೀಡಿದಾಗ, ಗದರಿಸದೆ, ಪಕ್ಕದಲ್ಲಿ ಕುಳಿತು ಆ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಓದಿರಿ. ಮಾರುವವರ ಉತ್ತರ ತೂಕಕ್ಕೆ ನಿಲ್ಲದಿದ್ದರೆ ಆ ಹಣ ಹಾಲಿಗೂ ಹಣ್ಣಿಗೂ ಉಳಿಯಲಿ.